ಅಪ್ಪಾಸಾಬ ಕಾಕಾನ ಹೊಸ ಅಡ್ಡಹೆಸರು

ನೋಡ್ರಪ್ಪಾ, ಟೆಲಿಫೋನ್ ಡೈರೆಕ್ಟರಿ ಮೊಬೈಲಿಗೆ ಬಂದದ್ದಕ್ಕೆ ಇವತ್ತು ಮಹಾರಾಷ್ಟ್ರದ ಗಡಿಯ ನಮ್ಮ ಶಿರಗುಪ್ಪಿಯಲ್ಲಿ ಒಂದು ಬೀಗತನ ಮುರಿಯುವುದರಲ್ಲಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಅಪ್ಪಾಸಾಬ ಕಾಕಾ ಹಳೆಯ ದಪ್ಪ ಡೈರೆಕ್ಟರಿಯನ್ನು ಬಗಲಲ್ಲಿ ಹಿಡಿದು ಬಂದರು. ಅದರಲ್ಲಿ ಅವರ ಹೆಸರು, ಊರು ಎಲ್ಲ ಸರಿಯಾಗಿದೆ. ಆದರೆ ಯಾರ ನಂಬರು ಎಂದು ತೋರಿಸುವ ಆ್ಯಪ್‌ನಲ್ಲಿ ಅವರ ನಂಬರು ಹುಡುಕಿದರೆ 'ಅಪ್ಪಾಸಾಬ ಉಚಲೂ ನಕೋ' ಎಂದು ಬರುತ್ತಿದೆ. ಮರಾಠಿಯಲ್ಲಿ ಹಾಗೆಂದರೆ ಫೋನ್ ಎತ್ತಬೇಡ!

"ಯಾರ್ ಛಾಪಸ್ಯಾರೋ ಇದನ್ನ?"

"ಯಾರೂ ಛಾಪಸಿಲ್ರಿ ಕಾಕಾ. ಮಂದಿ ತಮ್ಮ ಫೋನಿನ್ಯಾಗ ಹೆಂಗ ಬರಕೊಂಡಿರ್ತಾರ, ಅದನ್ನ ತೋರಸ್ತೈತಿ."

ಕಾಕಾ ಕಣ್ಣು ಸಣ್ಣ ಮಾಡಿದರು. "ಮರಾಠ್ಯಾಗ ಬರದಾರಂದ್ರ ಇದು ಮಿರಜದ ನಮ್ಮ ಬೀಗರ ಕೆಲಸಾನ. ಇವತ್ತ ಹೋಗಿ ಕೇಳತೀನಿ."

"ನಮ್ಮೂರಾಗ ಮರಾಠಿ ಯಾರಿಗೆ ಬರೂದಿಲ್ಲ ಹೇಳ್ರಿ?" ಎಂದೆ. ಬೀಗರು ಉಳಿದರು, ಆದರೆ ಅನುಮಾನ ಇಡೀ ಊರಿನ ಮೇಲೆ ತಿರುಗಿತು.

"ಹಂಗಾರ ಮೊದಲ ನಿನ್ನ ಫೋನ್ ತಗೀ."

ಚಾರ್ಜ್ ಇಲ್ಲವೆಂದು ಹೇಳಿ ಒಳಗೆ ಹೋದೆ.

ಗೆಳೆಯರೇ, ಮರಾಠಿಯಲ್ಲಿ ಬರೆದ ಆ ಕಳ್ಳ ನಾನಂತೂ ಅಲ್ಲ. ನಾನು ಬರೆದುಕೊಂಡದ್ದು ಅಚ್ಚ ಕನ್ನಡದಲ್ಲಿ: 'ಕಾಕಾ ಎತ್ತಬ್ಯಾಡ'.