ಬಾಲ್ಬಿನಾ ಒಲೆ ಬಿಟ್ಟು ಮಳೆಗಿಳಿದದ್ದು

ನಮ್ಮಕ್ಕ ಬಾಲ್ಬಿನಾಳ ಅಡುಗೆಮನೆಯಲ್ಲಿ ಎರಡು ಇಲಾಖೆಗಳಿದ್ದವು. ಬಿಸಿ ಇಲಾಖೆಗೆ ಅವಳೇ ಸರ್ವಾಧಿಕಾರಿ. ತಣ್ಣನೆಯ ಇಲಾಖೆಗೆ ನಾನು ಜವಾನ. ಒಲೆಯ ಮುಂದೆ ನಿಂತು ಮೈ ಕಾದವಳು ಫ್ರಿಜ್ಜಿನ ಬಾಗಿಲು ತೆಗೆಯಬಾರದು, ನಲ್ಲಿಯ ನೀರಿಗೆ ಕೈ ಒಡ್ಡಬಾರದು, ಮಳೆಯ ಎರಚಲಿಗಂತೂ ಮುಖ ತೋರಿಸಲೇಬಾರದು. ತೋರಿಸಿದರೆ ಪಾಸ್ಮೊ ಬಡಿಯುತ್ತದೆ: ಕಾದ ಮೈಯೊಳಗೆ ಶೀತ ನುಗ್ಗಿ, ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಒಂದು ಕಣ್ಣು ಮುಚ್ಚಲಾಗದೆ ಹಾಗೇ ತೆರೆದುಕೊಂಡು ಉಳಿಯುತ್ತದೆ. ಪಾತಿಯಾಸ್ ಎಂಬ ಊರಿನ ಕಡಲಂಚಿನ ನಮ್ಮ ಕೇರಿಯಲ್ಲಿ ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರು ಕಲಿಸುತ್ತಾರೆ?

ಬಾಲ್ಬಿನಾಳಿಗಂತೂ ಕಲಿಸುವ ಅಗತ್ಯವೇ ಇರಲಿಲ್ಲ. ನಮ್ಮಮ್ಮ ಒಂದು ಮಧ್ಯಾಹ್ನ ಇಸ್ತ್ರಿ ಹಾಕುತ್ತಿದ್ದವಳು, ಹಠಾತ್ತನೆ ಮಳೆ ಬಂತೆಂದು ಒಣಹಾಕಿದ ಬಟ್ಟೆ ತರಲು ಅಂಗಳಕ್ಕೆ ಓಡಿದಳು. ಮರುದಿನ ಎದ್ದಾಗ ಮುಖದ ಎಡಭಾಗ ಜೋತುಬಿದ್ದಿತ್ತು. ಆಮೇಲೆ ಅಮ್ಮ ಬದುಕಿದ್ದಷ್ಟೂ ಕಾಲ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಮಾತಾಡಿದಳು. ನಗು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ನಾನಾಗ ತೀರ ಚಿಕ್ಕವನು. ಅಮ್ಮಂದಿರೆಲ್ಲ ಗೋಡೆಯ ಜೊತೆಯೇ ನಗುತ್ತಾರೆಂದು ಬಹಳ ದಿನ ನಂಬಿದ್ದೆ.

ಅಕ್ಕ ಮಾತ್ರ ಅವತ್ತಿನಿಂದ ಹೆದರಿಕೆಯನ್ನೇ ಮನೆಗೆಲಸ ಮಾಡಿಕೊಂಡಳು. ಪೇಟೆಯ ಹೋಟೆಲಿನವರು ಅವಳ ಕೈರುಚಿ ನೋಡಿ ಕೆಲಸಕ್ಕೆ ಕರೆದರು. ಅಲ್ಲಿ ಮೀನಿಡುವ ತಂಪು ಕೋಣೆಯೊಂದಿದೆ ಎಂದು ತಿಳಿದು ಹೋಗಲಿಲ್ಲ. ಎಲಾದಿಯೊ ಅವಳನ್ನು ಹೆಣ್ಣು ಕೇಳಲು ಮೊದಲ ಸಲ ಬಂದಾಗ ಮಳೆಯಲ್ಲಿ ನೆಂದಿದ್ದ. "ಒಣಗಿದ ಮೇಲೆ ಬಾ" ಎಂದು ಬಾಗಿಲಲ್ಲೇ ನಿಲ್ಲಿಸಿದಳು. ಅವನು ನಿಂತ. ಅದಕ್ಕೇ ಮದುವೆಯಾದಳು ಅಂತ ನನ್ನ ಅಂದಾಜು.

ಈ ಕತೆ ನಡೆದದ್ದು ಒಂದು ಶನಿವಾರ. ನಾನು ನನ್ನ ಕ್ಷೌರದಂಗಡಿಯ ಬಾಗಿಲು ಹಾಕಿ ಎಂದಿನಂತೆ ಊಟಕ್ಕೆ ಹಾಜರಾಗಿದ್ದೆ. ಭಾವ ಎಲಾದಿಯೊ ಬೆಳಿಗ್ಗೆ ಬಕೆಟ್ಟಿನಲ್ಲಿ ಸಿಗಡಿ ತಂದಿಟ್ಟಿದ್ದ, ಅವು ಇನ್ನೂ ಮೀಸೆ ಆಡಿಸುತ್ತಿದ್ದವು. ಸಿಗಡಿ ತೊಳೆದು ಸಿಪ್ಪೆ ಬಿಡಿಸುವುದು ನನ್ನ ಇಲಾಖೆ. ತಲೆ, ಸಿಪ್ಪೆ ಕುದಿಸಿ ಸಾರಿನ ನೀರು ಇಳಿಸುವುದು ಅವಳದು. ಬೆಳ್ಳುಳ್ಳಿ, ಈರುಳ್ಳಿ, ಸಿಹಿಮೆಣಸು, ಮುಳ್ಳಂಚಿನ ಕೊತ್ತಂಬರಿ ಎಲ್ಲ ಕುಟ್ಟಿ ಎಣ್ಣೆಗೆ ಬಿದ್ದ ಮೇಲೆ ಕೇರಿಯ ನಾಯಿಗಳು ಕೂಡ ನಮ್ಮ ಮನೆ ಕಡೆಗೆ ಮುಖ ಮಾಡಿ ಕೂರುತ್ತಿದ್ದವು. ಅವಳ ಅಸೋಪಾವೊ, ಅಂದರೆ ಸಿಗಡಿ ಹಾಕಿದ ಅನ್ನದ ಸಾರು, ತೆಳ್ಳಗಿರಬೇಕು. ಅಕ್ಕಿ ಆ ಕೆಂಪು ಸಾರಿನಲ್ಲಿ ಈಜಬೇಕು, ಕೂರಬಾರದು.

ಅವತ್ತು ಅವಳ ಭುಜ ಹಿಡಿದುಕೊಂಡಿತ್ತು.

"ಮೋಂಚೊ, ಇವತ್ತೊಂದಿನ ಈ ಕಡೆ ಬಾರೋ. ಸ್ವಲ್ಪ ತಿರುವು."

"ನಾನು ತಣ್ಣಗಿರೋನು ಕಣಕ್ಕ. ನನ್ನನ್ಯಾಕೆ ಬಿಸಿಗೆ ಎಳೀತೀಯ?"

"ತಿನ್ನೋಕೆ ಬರೋವಾಗ ಮಾತ್ರ ಬಿಸಿಬಿಸಿ ಬೇಕು ಅಂತೀಯಲ್ಲ. ಹಿಡಿ ಸೌಟು."

ಹಿಡಿದೆ. ಆವಿ ಮುಖಕ್ಕೆ ಹೊಡೆದು, ಕನ್ನಡಕ ಮಂಜಾಗಿ, ಬೆವರು ಬೆನ್ನಿಗಿಳಿಯಿತು. ಇಬ್ಬರೂ ಒಲೆಯ ಮುಂದೆ. ಭಾವನನ್ನು ಬಿಟ್ಟರೆ ಮನೆಯಲ್ಲಿ ತಣ್ಣಗಿರುವವರು ಯಾರೂ ಉಳಿದಿರಲಿಲ್ಲ. ನಲವತ್ತು ವರ್ಷ ಜತನದಿಂದ ಮನೆ ನಡೆಸಿದವಳು ಆ ಒಂದು ತಪ್ಪು ಮಾಡಿಬಿಟ್ಟಿದ್ದಳು.

ಗಾಳಿ ತಿರುಗಿತು. ತಗಡಿನ ಮಾಡಿನ ಮೇಲೆ ಮಳೆ ಕಲ್ಲು ಸುರಿದಂತೆ ಸುರಿಯತೊಡಗಿತು. ಮನೆಯ ಹಿಂದಿನ ಮರಳಲ್ಲಿ ಭಾವನ ದೋಣಿ ಇತ್ತು. ಅದನ್ನು ಇನ್ನಷ್ಟು ಮೇಲಕ್ಕೆಳೆಯುತ್ತೇನೆಂದು ಎಲಾದಿಯೊ ಹೊರಟ. ಬಾಲ್ಬಿನಾ ಸಿಗಡಿ ಪಾತ್ರೆಗೆ ಸುರಿದಳು. ಆಗಲೇ ಆ ಕೂಗು ಕೇಳಿದ್ದು. ಮಾತಿಲ್ಲದ ಕೂಗು.

ಹಿಂಬಾಗಿಲಿಗೆ ಓಡಿದೆವು. ದೊಡ್ಡ ಅಲೆಯೊಂದು ದೋಣಿಯನ್ನು ಅಡಿಯ ಉರುಳುಮರದಿಂದ ಜಾರಿಸಿ ಭಾವನ ಕಾಲಿನ ಮೇಲೆ ಕೆಡವಿತ್ತು. ಅವನು ಅಂಗಾತ ಬಿದ್ದಿದ್ದ. ಅಲೆ ಬಂದಾಗ ಅವನ ತಲೆ ಮುಳುಗುತ್ತಿತ್ತು, ಹಿಂದೆ ಸರಿದಾಗ ಕೆಮ್ಮುತ್ತ ಕಾಣಿಸುತ್ತಿತ್ತು. ಬರುವ ಪ್ರತಿ ಅಲೆಯೂ ಮೊದಲಿನದಕ್ಕಿಂತ ಎತ್ತರವಾಗಿತ್ತು.

ಹೊಸ್ತಿಲಿನ ಈಚೆ ನಾವಿಬ್ಬರು. ನಮ್ಮ ಮೈಯಿಂದ ಹಬೆ ಏಳುತ್ತಿತ್ತು, ಸುಳ್ಳಲ್ಲ.

"ಹೋಗೋ ಮೋಂಚೊ!"

"ನಾನೂ ಕಾದಿದೀನಿ ಅಕ್ಕ! ನೀನೇ ಕಾಯಿಸಿದ್ದು!"

ಇಂಥ ಹೊತ್ತಲ್ಲೂ ಇಂಥ ಮಾತು ಬಾಯಿಗೆ ಬರುತ್ತದೆ. ಅವಳು ನನ್ನ ಮುಖ ನೋಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು. ಎದುರಿಗೆ ಅಲೆ ಮತ್ತೆ ಭಾವನ ಮೇಲೆ ಮುಚ್ಚಿಕೊಂಡಿತು, ಈ ಸಲ ಹಿಂದೆ ಸರಿಯಲು ತಡಮಾಡಿತು.

"ಅಯ್ಯೋ ಕನ್ಯಾಮಾತೆ, ನನ್ನ ಮುಖ" ಎಂದಳು. ಎರಡೂ ಅಂಗೈಗಳಿಂದ ಕೆನ್ನೆ ಗಟ್ಟಿಯಾಗಿ ಮುಚ್ಚಿಕೊಂಡು ಮಳೆಗೆ ಓಡಿದಳು.

ನಾನೂ ಹಿಂದೆ ಓಡಿದೆ. ಕೈಗೆ ಸಿಕ್ಕಿದ್ದು ಪಾತ್ರೆಯ ಮುಚ್ಚಳ. ಅದನ್ನೇ ತಲೆಯ ಮೇಲೆ ಹಿಡಿದುಕೊಂಡಿದ್ದೆ. ಆ ಮಳೆಗೆ ಮುಚ್ಚಳ ಮಾಡಿದ ಉಪಕಾರ ಇಷ್ಟೇ, ನೆನೆಯುವ ಸದ್ದು ಇನ್ನೂ ಜೋರಾಗಿ ಕೇಳಿಸಿತು.

ದೋಣಿಯ ಹತ್ತಿರ ಅವಳು ನಿಂತುಬಿಟ್ಟಳು. ದೋಣಿ ಎತ್ತಲು ಕೈ ಬೇಕು. ಕೈ ಕೆನ್ನೆಯ ಮೇಲಿತ್ತು. ಅಲ್ಲಿ ಅವಳು ನಿಂತದ್ದು ಎಷ್ಟು ಹೊತ್ತೋ, ನನಗೆ ಅಮ್ಮನ ಕರವಸ್ತ್ರ ನೆನಪಾಗುವಷ್ಟು. ಆಮೇಲೆ ಕೈ ತೆಗೆದಳು. ಮಳೆ ಅವಳ ಬರಿಮುಖಕ್ಕೆ ಅಪ್ಪಳಿಸಿತು. ಹಿಡಿದುಕೊಂಡಿದ್ದ ಆ ಭುಜವನ್ನೇ ದೋಣಿಯ ಅಂಚಿಗೆ ಕೊಟ್ಟು ಕಿರುಚಿದಳು. ನಾನು ಮುಚ್ಚಳ ಎಸೆದು ಭಾವನ ಕಂಕುಳಿಗೆ ಕೈಹಾಕಿ ಎಳೆದೆ. ಬಂದ ಅಲೆ ದೋಣಿಯನ್ನು ಅಷ್ಟು ಎತ್ತಿಕೊಟ್ಟಿತು. ಕೊಲ್ಲಲು ಬಂದದ್ದೇ ಬಿಡಿಸಿತು.

ಔಷಧಾಲಯದ ನರ್ಸ್ ಬಂದು ಭಾವನ ಕಾಲು ನೋಡಿದಳು. ಮೂಳೆ ಮುರಿದಿರಲಿಲ್ಲ, ಚರ್ಮ ಸುಲಿದಿತ್ತು. ಪಟ್ಟಿ ಕಟ್ಟಿ ಹೋದಳು. ಅವಳ ಹಿಂದೆಯೇ ಪಕ್ಕದ ಮನೆಯ ಕ್ರೂಸಿತಾ ಬಂದಳು. ನಮ್ಮ ಕೇರಿಯಲ್ಲಿ ನರ್ಸ್ ಹೇಳಿದ್ದಕ್ಕೆ ಕೊನೆಯ ಮುದ್ರೆ ಒತ್ತುವವಳು ಆಕೆ. ಭಾವನ ಕಡೆ ತಿರುಗಿಯೂ ನೋಡಲಿಲ್ಲ. ಕಂಬಳಿ ಹೊದ್ದು ಕೂತ ಬಾಲ್ಬಿನಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಒಲೆ ಮುಂದಿಂದ ನೇರ ಹೋದ್ಯಾ?"

"ನೇರ."

"ಬೆವರಿತ್ತಾ?"

"ಸುರೀತಿತ್ತು."

ಕ್ರೂಸಿತಾ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಳು. ಎಲೆ ನೆನೆಸಿದ ಸಾರಾಯಿ ತಂದು ಅಕ್ಕನ ಕುತ್ತಿಗೆಗೆ, ಕೆನ್ನೆಗೆ ತಿಕ್ಕಿದಳು. ಆಮೇಲೆ, "ಎಲ್ಲಿ, ಶಿಳ್ಳೆ ಹಾಕು ನೋಡೋಣ. ಮುಖ ಹೋಗೋದಿದ್ರೆ ಮೊದಲು ಹೋಗೋದೇ ಶಿಳ್ಳೆ" ಎಂದಳು.

ಬಾಲ್ಬಿನಾ ತುಟಿ ಸೇರಿಸಿ ಊದಿದಳು. ಬರೀ ಗಾಳಿ. ಇನ್ನೊಮ್ಮೆ ಊದಿದಳು. ಗಾಳಿಯ ಜೊತೆ ಸ್ವಲ್ಪ ಉಗುಳು.

"ಬರ್ತಿಲ್ಲ" ಎಂದಳು. ಅವಳ ಕಣ್ಣು ದೊಡ್ಡವಾದವು. "ಕ್ರೂಸಿತಾ, ಬರ್ತಿಲ್ಲ ಕಣೇ."

ಕ್ರೂಸಿತಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ನಾನೇ ಪರೀಕ್ಷೆಗೆ ಒಂದು ಶಿಳ್ಳೆ ಹಾಕಿಕೊಂಡೆ, ನನಗೆ ಬಂತು. ಅದಕ್ಕೆ ಅಕ್ಕನಿಂದ ಬೈಸಿಕೊಂಡೆ.

ಕಾಲು ಮೇಲಿಟ್ಟು ಮಲಗಿದ್ದ ಎಲಾದಿಯೊ ಮೆಲ್ಲಗೆ ಕೇಳಿದ: "ಅವಳಿಗೆ ಶಿಳ್ಳೆ ಯಾವತ್ತು ಬರ್ತಿತ್ತು?"

ನಿಜ, ಹುಟ್ಟಿದಾಗಿನಿಂದ ಅವಳಿಗೆ ಶಿಳ್ಳೆ ಬರುತ್ತಿರಲಿಲ್ಲ.

"ಸುಮ್ನಿರು ನೀನು" ಎಂದಳು ಕ್ರೂಸಿತಾ. "ಇವಳಮ್ಮಂಗೂ ಅವತ್ತು ಸಂಜೆ ಏನೂ ಇರಲಿಲ್ಲ. ಬೆಳಿಗ್ಗೆ ಅಲ್ವಾ ಬಂದಿದ್ದು?"

ಆ ಮಾತು ಹೇಳಿ ಅವಳು ತನ್ನ ಮನೆಗೆ ಹೋಗಿ ಸುಖವಾಗಿ ಮಲಗಿದಳು. ನಮ್ಮಕ್ಕ ಮಲಗಲಿಲ್ಲ. ಮಲಗಿದರೆ ತಾನೇ ಏಳಬೇಕು. ಕುರ್ಚಿಯಲ್ಲಿ ಕೂತೇ ಇದ್ದಳು. ಪಾತ್ರೆಯಲ್ಲಿ ಅಕ್ಕಿ ಸಾರನ್ನೆಲ್ಲ ಕುಡಿದು ಉಬ್ಬಿ ಮುದ್ದೆಯಾಗಿತ್ತು. ನಾನು ಅದನ್ನೇ ತಿಂದೆ. ಹೆದರಿಕೆಯಾದಾಗ ಹಸಿವು ಸಾಯುತ್ತದೆ ಎನ್ನುವವರು ನನ್ನನ್ನು ನೋಡಿಲ್ಲ.

ಬೆಳಗಾಗುವಾಗ ಅವಳಿಗೆ ಜೊಂಪು ಹತ್ತಿಬಿಟ್ಟಿತ್ತು. ಎಚ್ಚರವಾಗಿ ಧಡಕ್ಕನೆ ಎದ್ದು ಕೂತವಳು ಕಣ್ಣು ಮಾತ್ರ ತೆರೆಯಲಿಲ್ಲ.

"ಮೋಂಚೊ. ಬೆಳಗಿಂದ ಸಂಜೆ ತನಕ ಊರವರ ಮುಖ ನೋಡೋನು ನೀನು. ನಿಜ ಹೇಳು. ಅಮ್ಮಂಗೆ ಎಲ್ಲರೂ ಏನಿಲ್ಲ ಏನಿಲ್ಲ ಅಂತ ಸುಳ್ಳು ಹೇಳಿದ್ರು. ನೀನು ಹೇಳ್ಬೇಡ."

ಗಿರಾಕಿಯ ಮುಖ ನೋಡುವ ಹಾಗೆಯೇ ನೋಡಿದೆ. ಎಡಗೆನ್ನೆ, ಬಲಗೆನ್ನೆ, ತುಟಿಯ ಎರಡು ತುದಿ. ಗಡ್ಡ ಬೋಳಿಸುವಾಗಿನ ಹಾಗೆ ಗಲ್ಲ ಎತ್ತಿ ಇನ್ನೊಮ್ಮೆ ನೋಡಿದೆ.

"ಎರಡು ಕಡೇನೂ ಒಂದೇ ಸಮ ಇದೆ ಅಕ್ಕ. ಎರಡು ಕಡೇನೂ ಒಂದೇ ಸಮ ವಯಸ್ಸಾಗಿದೆ."

ಕಣ್ಣು ತೆರೆದಳು. ಎರಡೂ ತೆರೆದವು. ಮುಚ್ಚಿದಳು, ಎರಡೂ ಮುಚ್ಚಿದವು. ಕನ್ನಡಿಯಲ್ಲೂ ನೋಡಿಕೊಂಡಳು. ಒಂದು ನಗು ಬರಬಹುದೆಂದು ಕಾದೆ. ಬರಲಿಲ್ಲ.

ಕ್ರೂಸಿತಾ ಕಿಟಕಿಯಿಂದಲೇ ಇಣುಕಿ ನೋಡಿ, ಸ್ವಲ್ಪ ನಿರಾಶೆಯಾದರೂ ತೋರಗೊಡದೆ ತೀರ್ಪು ಕೊಟ್ಟಳು: "ಸಮುದ್ರದ ನೀರು ತಾಗಿದೆ. ಉಪ್ಪು ಶೀತವನ್ನ ಒಳಗೆ ಬಿಡಲ್ಲ. ಬರೀ ಮಳೆ ಆಗಿದ್ರೆ ನೋಡ್ಬೇಕಿತ್ತು."

"ಹೌದು, ಉಪ್ಪೇ ಇರ್ಬೇಕು" ಎಂದಳು ಬಾಲ್ಬಿನಾ. ಕ್ರೂಸಿತಾ ಹೋದ ಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಅವತ್ತು ಬಟ್ಟೆ ತಾ ಅಂತ ಅಮ್ಮ ನನಗೆ ಹೇಳಿದ್ದು ಕಣೋ. ನಾನು ಆಟ ಆಡ್ತಿದ್ದೆ, ಹೋಗಲಿಲ್ಲ. ಮೂರು ಸಲ ಕರೆದ್ಲು. ಆಮೇಲೆ ಅವಳೇ ಹೋದ್ಲು."

ಇಷ್ಟು ವರ್ಷ ಅವಳು ತನ್ನ ಮುಖಕ್ಕೆ ಹೆದರಿ ಬದುಕಿದಳೆಂದುಕೊಂಡಿದ್ದೆ.

"ಈಗ ಹೇಳು" ಎಂದಳು. "ಮುಖದ ತುಂಬ ಮಳೆ ಹೊಡೀತು ನಂಗೆ. ಉಪ್ಪುನೀರು ಮೊಣಕಾಲಿನ ತನಕ ಇತ್ತು, ಅಷ್ಟೇ. ಅಮ್ಮಂಗೆ ಹಂಗಾಗಿದ್ದು ಮಳೆಯಿಂದಾನಾ?"

"ನಿನ್ನ ಮುಖ ನೋಡಿದ್ರೆ ಅಲ್ಲ ಅನ್ಸತ್ತೆ ಅಕ್ಕ."

"ಸುಳ್ಳಲ್ಲ ತಾನೆ?"

"ಸುಳ್ಳಲ್ಲ."

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ತುಟಿಯ ಎಡತುದಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತ ಬಹಳ ಹೊತ್ತು ಕೂತಿದ್ದಳು. ಒಳಗಿನಿಂದ ಎಲಾದಿಯೊ, ಕಾಲು ಸೆಳೆಯುತ್ತಿದೆ, ಹೊಟ್ಟೆಯೂ ಹಸಿಯುತ್ತಿದೆ, ಈ ಮನೆಯಲ್ಲಿ ಬದುಕಿ ಉಳಿದವನನ್ನು ಕೇಳುವವರೇ ಇಲ್ಲವೇ ಎಂದು ಗೊಣಗಿದ.

"ಬಂದೆ ಮಾರಾಯ, ಬಂದೆ" ಎಂದು ಎದ್ದಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಎರಡೂ ಕಡೆ. ಒರೆಸಿಕೊಳ್ಳದೆ ಹಾಗೇ ಒಳಗೆ ಹೋದಳು.