ನೀರಿನ ಗಾಳಿ ಬಿಡಿಸುವವನು

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಹೊನ್ನೂರಸ್ವಾಮಿ, ತೊಟ್ಟಿಯ ನೀರು ಕಾದು ತನ್ನೊಳಗಿನ ಗಾಳಿಯನ್ನೆಲ್ಲ ಕಕ್ಕುವವರೆಗೆ ಬಾಯ್ಲರಿಗೆ ಒಂದು ಹನಿಯನ್ನೂ ಹರಿಸುವವನಲ್ಲ. ತೊಟ್ಟಿಗೆ ಕೋಲು ಆನಿಸಿ, ಅದರ ತುದಿಗೆ ಕಿವಿಗೊಟ್ಟು, ಹೆರಿಗೆ ಕೋಣೆಯ ಮುಂದೆ ನಿಂತ ಗಂಡನ ಹಾಗೆ ಕಾಯುತ್ತಾನೆ. "ಲೇ ಸ್ವಾಮಿ, ನೀರಿಗೂ ಮುಹೂರ್ತ ಬೇಕೇನಲೇ?" ಎಂದು ಸಾವ್ಕಾರರು ರೇಗಿದರೆ, "ಗಾಳಿ ಒಳಕ್ಕೋದ್ರೆ ಕಬ್ಬಿಣ ತಿಂತೈತೆ ಸಾವ್ಕಾರ್ರೆ, ಕೊಳವೆ ಒಡೀತೈತೆ" ಎನ್ನುತ್ತಾನೆ. "ನಾಳೆಯಿಂದ ಬರಬ್ಯಾಡ!" ಅಂದರೆ, "ಆತು ಬಿಡ್ರಿ, ಬರಲ್ಲ. ಇವತ್ತು ಮಾತ್ರ ತಣ್ಣೀರು ಬಿಡಲ್ಲ" ಎಂದು ವಾಲ್ವಿನ ಮೇಲೆ ಕೈ ಊರಿ ನಿಲ್ಲುತ್ತಾನೆ. ಗೋಡೆಯಾಚೆ ಶೇಂಗಾ ಆರಿಸುವ ಅವನ ಹೆಂಡತಿ ಗೀತಮ್ಮನಿಗೆ ಒಂದೇ ಕಣ್ಣು. ಹಿಂದೆ ಮೊಳಕಾಲ್ಮೂರಿನ ಗಿರಣಿಯಲ್ಲಿ ಕೊಳವೆ ಒಡೆದು ಹಬೆ ನುಗ್ಗಿದಾಗ ಇನ್ನೊಂದು ಹೋಯಿತು. ಅಲ್ಲಿ ಧಣಿಯ ಅವಸರಕ್ಕೆ ತಲೆಯಾಡಿಸಿ ದಿನವೂ ತಣ್ಣೀರು ಬಿಡುತ್ತಿದ್ದವನು ಇವನೇ.