ತೆಗೆಯಿರಿ ಎಂದ ಸಾಲುಗಳು

ನಮ್ಮ ಕವಿಗಳ ಗುಂಪಿನಲ್ಲಿ ಒಂದು ನಿಯಮವಿತ್ತು. ಮಾಡಿದವನು ನಾನೇ. ಅದು ಎಲ್ಲರೂ ಒಪ್ಪಿದ ನಿಯಮ, ನಿಮ್ಮೊಬ್ಬರದೇ ತಪ್ಪಲ್ಲ ಎಂದು ಈಗ ಯಾರಾದರೂ ಸಮಾಧಾನ ಹೇಳಲು ಬಂದರೆ ನನಗೆ ಸಿಟ್ಟೇ ಬರುತ್ತದೆ.

ಗುಂಪು ಎಂದರೆ ವಾಟ್ಸ್‌ಆ್ಯಪ್ ಗುಂಪು. ಯಾದಗಿರಿ, ಶಹಾಪುರ, ಸುರಪುರ ಕಡೆಯ ನಲವತ್ತು ಐವತ್ತು ಜನ. ಶಾಲೆಯ ಮಾಸ್ತರರು, ಔಷಧ ಅಂಗಡಿಯವರು, ಒಬ್ಬ ಬಸ್ ಕಂಡಕ್ಟರ್, ಮೂರು ಮಕ್ಕಳಾದ ಮೇಲೂ ಮೊದಲ ಪ್ರೇಮವನ್ನೇ ಹಿಡಿದು ಜಗ್ಗುತ್ತಿದ್ದ ಇಬ್ಬರು ಗುಮಾಸ್ತರು. ಯಾದಗಿರಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದರ ಯಜಮಾನರು. ಯಾರ ಕವಿತೆಯಾದರೂ ಅದರಲ್ಲಿ ಒಂದು ಮೌನ, ಒಂದು ಬೆಳದಿಂಗಳು ಇರಲೇಬೇಕು. ಹಾಕಿದ ಅರ್ಧ ನಿಮಿಷಕ್ಕೆ ಚಪ್ಪಾಳೆಯ ಚಿತ್ರ, ಗುಲಾಬಿಯ ಚಿತ್ರ, 'ಅದ್ಭುತ ಸರ್'. ಓದುವುದಕ್ಕೇ ಎರಡು ನಿಮಿಷ ಬೇಕು, ಅಷ್ಟರೊಳಗೆ ಅದ್ಭುತ ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿಬಿಟ್ಟೆ. ಎರಡು ದಿನ ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನ ಹೆಡ್‌ಮಾಸ್ತರರು ಫೋನ್ ಮಾಡಿ, "ಹಂಗಾದ್ರ ನೀವಾ ತಿದ್ರಿ" ಎಂದರು.

ತಿದ್ದುವುದು ನನ್ನ ಹೊಟ್ಟೆಪಾಡು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಚೇರಿಯಲ್ಲಿ ಬೇರೆಯವರು ಬರೆದ ಪತ್ರಗಳ ಕರಡುಗಳು ನನ್ನ ಮೇಜಿಗೆ ಬರುತ್ತವೆ. ಕೂಡದ ವಾಕ್ಯವನ್ನು ಎತ್ತಿ ಬರೆದು ಪಕ್ಕದಲ್ಲಿ 'ತೆಗೆಯಿರಿ' ಎಂದು ಹಾಕುತ್ತೇನೆ. ವಾಕ್ಯ ಉದ್ದವಾಗಿದ್ದರೆ ಮೊದಲ ನಾಲ್ಕಾರು ಪದ ಬರೆದು ಚುಕ್ಕಿ ಇಡುತ್ತೇನೆ, ಎದುರಿನವರಿಗೆ ಅಷ್ಟು ಸಾಕು. ಫೇರ್ ಕಾಪಿ ಆದ ಮೇಲೆ ರಫ್ ಹರಿದು ಬುಟ್ಟಿಗೆ. ಎರಡೂ ಉಳಿದರೆ ಯಾವುದು ಖರೆ ಎಂದು ಮುಂದೆ ತಕರಾರು ಹುಟ್ಟುತ್ತದೆ.

ಇದೇ ಪದ್ಧತಿಯನ್ನು ಗುಂಪಿಗೂ ತಂದೆ. ಭಾನುವಾರ ಕವಿತೆ ಹಾಕಬೇಕು. ನಾನು ತಿದ್ದಬೇಕು, ಬೇಕಾದರೆ ಬದಲಿ ಸಾಲನ್ನೂ ಕೊಡಬೇಕು. ಸೋಮವಾರ ಸಂಜೆಯೊಳಗೆ ಬರೆದವರು ಫೇರ್ ಕಾಪಿ ಹಾಕಿ, ರಫನ್ನು ಎಲ್ಲರ ಫೋನಿನಿಂದಲೂ ಹೋಗುವಂತೆ ಅಳಿಸಬೇಕು. ನನ್ನ ತಿದ್ದುಪಡಿಗಳು ಮಾತ್ರ ಹಾಗೇ ಇರಲಿ, ಹೊಸಬರಿಗೆ ಪಾಠವಾಗುತ್ತವೆ ಎಂದಿದ್ದೆ. ಎಷ್ಟು ಸೊಕ್ಕು ನೋಡಿ.

ಆಕೆ ಗುಂಪಿಗೆ ಬಂದದ್ದು ಆಮೇಲೆ. ಸುರಪುರದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ವಯಸ್ಸು ನಲವತ್ತೈದರ ಆಸುಪಾಸು, ಓದಿದ್ದು ಏಳನೆಯ ತರಗತಿ. ಮಕ್ಕಳು ಉಂಡೆದ್ದ ಮೇಲೆ ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಒಂದೇ ಬೆರಳಿನಿಂದ ಫೋನಿನಲ್ಲಿ ಬರೆಯುತ್ತಿದ್ದರಂತೆ. ನೋಟುಬುಕ್ಕು ಇರಲಿಲ್ಲ. ಗುಂಪಿನ ಪರದೆಯಲ್ಲೇ ಬರೆದು ಇಟ್ಟದ್ದು ಭಾನುವಾರ ನೇರ ಗುಂಪಿಗೆ ಬರುತ್ತಿತ್ತು.

ಅವರ ಮೊದಲ ಕವಿತೆ ಓದಿ ನಾನು ಮತ್ತೊಮ್ಮೆ ಮೇಲಿಂದ ಓದಿದೆ. ಅದರಲ್ಲಿ ಮೌನವೂ ಇರಲಿಲ್ಲ, ಬೆಳದಿಂಗಳೂ ಇರಲಿಲ್ಲ. ತಾಟು, ಮೆಂತ್ಯೆ, ಮಗಳ ಜಡೆ, ಮನೆಯಲ್ಲಿ ಮಾತಾಡಿದ ಹಾಗೆಯೇ ಮಾತು. ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಅಂಥ ಒಂದು ಸಾಲು ನನ್ನ ಕೈಯಿಂದ ಬಂದಿಲ್ಲ. ಆಗ ನನಗೆ ಆದದ್ದು ಹೊಟ್ಟೆಕಿಚ್ಚು. ಅದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಹಿಡಿಯಿತು. ಆ ದಿನ ಮಾತ್ರ ಅದಕ್ಕೆ 'ಇನ್ನೂ ಪಕ್ವವಾಗಬೇಕು' ಎಂದು ಹೆಸರಿಟ್ಟು, ತೆಗೆಯಿರಿ, ತೆಗೆಯಿರಿ ಎಂದು ಬರೆಯುತ್ತಾ ಹೋದೆ.

ಆಕೆ ತೆಗೆದರು. ಪ್ರತಿ ಸೋಮವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಫೇರ್ ಕಾಪಿ ಬರುತ್ತಿತ್ತು. ನಾನು ಕೊಟ್ಟ ಸಾಲುಗಳನ್ನು ಅಕ್ಷರವೂ ಬಿಡದೆ ಕೂಡಿಸಿರುತ್ತಿದ್ದರು. ಕೆಳಗೆ 'ನೀವು ಹೇಳಿದ ಮ್ಯಾಲ ಸರಿನಾ ಇರ್ತದ್ರಿ ಸರ್' ಎಂದು ಒಂದು ಸಾಲು, ಕೈಮುಗಿದ ಚಿತ್ರ. ಒಮ್ಮೆ ಮಾತ್ರ ಬೇರೆ ಥರ ಬರೆದಿದ್ದರು: 'ರಫ್ ಅಳಸೂಮುಂದ ಕೈ ಬರಂಗಿಲ್ರಿ ಸರ್.' ಅಭ್ಯಾಸವಾಗುತ್ತದೆ ಅಕ್ಕಾರ ಎಂದು ಉತ್ತರ ಕೊಟ್ಟೆ.

ಒಂದು ಸಲ ಶಹಾಪುರದಲ್ಲಿ ಗುಂಪಿನವರೆಲ್ಲ ಕೂಡಿದ್ದೆವು. ಬಾಡಿಗೆಗೆ ಹಿಡಿದ ಒಂದು ಸಣ್ಣ ಹಾಲು, ಪ್ಲಾಸ್ಟಿಕ್ ಕುರ್ಚಿಗಳು, ತಿನ್ನಲು ಮಂಡಕ್ಕಿಯ ಸುಸಲಾ, ಮಿರ್ಚಿ. ಫೋನಿನಲ್ಲಷ್ಟೇ ಕಂಡ ಮುಖಗಳನ್ನು ಎದುರು ನೋಡಿ ಎಲ್ಲರಿಗೂ ನಾಚಿಕೆ. ಆಕೆ ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದರು. ಸರದಿ ಬಂದಾಗ ಎದ್ದು ನಿಂತು ಫೋನ್ ನೋಡಿ ತಮ್ಮ ಕವಿತೆ ಓದತೊಡಗಿದರು. ಎರಡು ಸಾಲು ಸರಾಗವಾಗಿ ಬಂತು. ಮೂರನೆಯ ಸಾಲು ನನ್ನದು. ಅಲ್ಲಿಗೆ ಬಂದು ತಡವರಿಸಿದರು. ಮತ್ತೆ ಮೊದಲಿಂದ ಶುರು ಮಾಡಿ ಮತ್ತೆ ಅಲ್ಲೇ ನಿಂತರು. ನನ್ನ ಕಡೆ ನೋಡಿ, "ಸರ್, ಇಲ್ಲಿ ಬಂದ್ರ ನನಗ ದಾರಿ ತಪ್ಪತದ್ರಿ" ಎಂದರು. ಎಲ್ಲರೂ ನಕ್ಕರು. ಆಕೆಯೂ ನಕ್ಕರು. ನಾನು ಎದ್ದು ಹೋಗಿ ಉಳಿದ ಸಾಲುಗಳನ್ನು ನನ್ನ ಧ್ವನಿಯಲ್ಲಿ ಓದಿಕೊಟ್ಟೆ, ಚಪ್ಪಾಳೆಯೂ ಬಿತ್ತು.

ಹೋದ ಮಳೆಗಾಲದಲ್ಲಿ ಆಕೆ ತೀರಿಕೊಂಡರು. ಕಣ್ಣು ಹಳದಿಯಾಗಿವೆ ಎಂದು ಯಾರೋ ನಾಟಿ ಔಷಧ ಕೊಟ್ಟರಂತೆ, ಕಲಬುರಗಿಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಭಾನುವಾರ ಕವಿತೆ ಬರಲಿಲ್ಲ. ಮಂಗಳವಾರ ಹೆಡ್‌ಮಾಸ್ತರರು ಸುದ್ದಿ ಹಾಕಿದರು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ನಾನು ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ನಿಂತೆ, ಅಲ್ಲಿ ಅಳು ಬಂತು. ಒಂದೇ ಒಂದು ಸಲ ಮುಖ ನೋಡಿದ ಹೆಣ್ಣುಮಗಳಿಗಾಗಿ ಇಷ್ಟು ಅಳು ಎಲ್ಲಿತ್ತೋ ಗೊತ್ತಿಲ್ಲ.

ತಿಂಗಳ ಮೇಲೆ ಒಂದು ಫೋನ್ ಬಂತು. ಅವರ ನಂಬರೇ. ಪರದೆಯ ಮೇಲಿನ ಹೆಸರನ್ನು ಎರಡು ಸಲ ಓದಿ ಎತ್ತಿದೆ.

"ಸರ್, ನಾ ಅವರ ಮಗಳ್ರಿ. ಸೈದಾಪುರದಾಗ ರೂಮ್ ಮಾಡ್ಕೊಂಡು ಕಡೇಚೂರ ಫ್ಯಾಕ್ಟರಿಗಿ ಹೋಗ್ತೀನ್ರಿ. ಅವ್ವನ ಫೋನ್ ನನ್ ಕಡಿ ಅದರಿ."

ಹೇಳವ್ವ ಎಂದೆ.

"ಹೆಡ್‌ಮಾಸ್ತರ್ರು ಕೂಡಿಸಿ ಕಳಸಿದ ಅವ್ವನ ಕವಿತಾ ಎಲ್ಲಾ ಓದೀನ್ರಿ. ಛಲೋ ಅವರಿ. ಆದ್ರ ಸರ್, ಇದರಾಗ ನಮ್ಮವ್ವ ಎಲ್ಲಿ ಅದಾಳ್ರಿ?"

ಆ ಹುಡುಗಿ ಜಗಳಕ್ಕೆ ಬಂದಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. "ನಮ್ಮವ್ವ ಅಗಲಿಕೆ ಅನ್ನಾಕಿ ಅಲ್ರಿ. ಅಂತರಂಗ ಅನ್ನಾಕಿ ಅಲ್ರಿ. ಇವೆಲ್ಲಾ ಯಾರ ಮಾತ್ರಿ?" ಎಂದು ಕೇಳಿದಳು. ತಿದ್ದಿದವನು ನಾನು ಎಂದೆ.

ಆಮೇಲೆ ಫೋನ್ ಮಾಡಿದ ಕಾರಣ ಹೇಳಿದಳು. ಎರಡು ವರ್ಷದ ಹಿಂದೆ ತಮ್ಮ ಅಣ್ಣನ ಮಗನಿಗೇ ಇವಳನ್ನು ಕೊಡಬೇಕೆಂದು ತಾಯಿ ಹಟ ಹಿಡಿದಿದ್ದರು. ಇವಳು ಒಪ್ಪದೆ ಫ್ಯಾಕ್ಟರಿ ಕೆಲಸ ಹಿಡಿದಳು. ಜಗಳ ಬಾಗಿಲ ತನಕ ಬಂತು. ತಾಯಿ, "ಹೋಗ್" ಎಂದರು. ಇವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಮುಂದೆ ಫೋನಿನಲ್ಲಿ ದಿನಾ ಮಾತಿತ್ತು. ಉಂಡಿ? ಉಂಡೀನಿ. ಮಲಗಿದಿ? ಮಲಗ್ತೀನಿ. ಆ ದಿನದ ಮಾತನ್ನು ಮಾತ್ರ ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ.

"ಒಂದು ಕವಿತಾದಾಗ 'ಕೋಪದ ಕಾರ್ಮೋಡ ಕವಿದ ಆ ದಿನ' ಅಂತ ಅದರಿ. ಅದು ಆ ದಿನಾನಾ ಇರಬೇಕ್ರಿ. ಕಡಿತನಕ ಅವ್ವಗ ನನ್ ಮ್ಯಾಲ ಸಿಟ್ಟಾ ಇತ್ತೇನ್ರಿ? ಅಲ್ಲಿ ಮತ್ತೇನರ ಬರದಿದ್ಳೇನ್ರಿ ಮದಲ?"

ಕಾರ್ಮೋಡ ನನ್ನದು. ಅವರು ಏನು ಬರೆದಿದ್ದರು ಎಂಬುದು ನನಗೆ ನೆನಪಿರಲಿಲ್ಲ. ಹುಡುಕುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಗುಂಪಿನಲ್ಲಿ ಕೇಳಿದೆ: ಅವರ ರಫ್ ಯಾರ ಬಳಿಯಾದರೂ ಇದೆಯೇ? ಯಾರ ಬಳಿಯೂ ಇರಲಿಲ್ಲ. ಹೆಡ್‌ಮಾಸ್ತರರು ಫೋನ್ ಮಾಡಿ, "ನೀವಾ ಅಲ್ಲೇನ್ರಿ ಅಳಸ್ರಿ ಅಂದವರು" ಎಂದರು. ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಾರದ ಜನ ಈ ಒಂದು ನಿಯಮವನ್ನು ಮಾತ್ರ ಚೆನ್ನಾಗಿ ಪಾಲಿಸಿದ್ದರು.

ಕಚೇರಿಗೆ ರಜೆ ಹಾಕಿ ಬೆಳಗ್ಗೆಯಿಂದ ಫೋನ್ ಹಿಡಿದು ಕೂತೆ. ಅವರು ಬಂದ ಮೊದಲ ಭಾನುವಾರಕ್ಕೆ ಹೋದೆ. ಅವರ ಕವಿತೆ ಇದ್ದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದಿತ್ತು. ಅದರ ಕೆಳಗೆ ಪಾಠವಾಗಲೆಂದು ಉಳಿಸಿದ್ದ ನನ್ನ ತಿದ್ದುಪಡಿ ಇತ್ತು. ತೆಗೆಯಿರಿ ಎನ್ನುವ ಮೊದಲು ಸಾಲನ್ನು ಇದ್ದ ಹಾಗೆ ಎತ್ತಿ ಬರೆಯುವುದು ನನ್ನ ಕಚೇರಿಯ ರೂಢಿಯಲ್ಲವೇ? ಹಾಗೆ ಎತ್ತಿ ಬರೆದಿದ್ದೆ.

'ನೂರಾ ಇಪ್ಪತ್ತು ಮಕ್ಕಳಿಗಿ ನೀಡೇನಿ, ಮನ್ಯಾಗ ನಿಂದೊಂದು ತಾಟ ಬೋರಲ ಬಿದ್ದದ. — ಎಣಿಕೆ ಕವಿತೆಗೆ ಬೇಡ. ತೆಗೆಯಿರಿ.'

'ಫೋನಿನ್ಯಾಗ ಉಂಡೀನಿ ಅಂತಿ, ನಿನ್ ದನಿ ಉಂಡಂಗಿಲ್ಲ. — ದನಿ ಉಣ್ಣುವುದಿಲ್ಲ. ತೆಗೆಯಿರಿ.'

'ನಿನ್ ಜಡಿ ಹಾಕಿದ ಬೆರಳು ಈಗ ಬರೇ ಮೆಂತ್ಯಾ ಸೋಸ್ತಾವ. — ಮೆಂತ್ಯೆ ಬೇಡ. ತೆಗೆಯಿರಿ.'

ಆ ಹೆಣ್ಣುಮಗಳ ಮಾತು ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ನಾನು ಕೂಡದು ಎಂದು ಎತ್ತಿ ತೋರಿಸಿದ ಸಾಲುಗಳಲ್ಲಿ ಉಳಿದಿತ್ತು. ನಾನು ಒಪ್ಪಿದ ಸಾಲುಗಳು ಯಾರು ಬೇಕಾದರೂ ಬರೆಯಬಹುದಾಗಿದ್ದವು. ಸಂಜೆಯ ಹೊತ್ತಿಗೆ ಹದಿನೇಳು ಸಾಲು ಸಿಕ್ಕಿದವು. ಹೊಸ ನೋಟುಬುಕ್ಕಿನಲ್ಲಿ ನನ್ನ ಒಂದು ಪದವನ್ನೂ ಸೇರಿಸದೆ ಇಳಿಸಿದೆ. ಹದಿನೇಳನೆಯದು ಕಾರ್ಮೋಡದ ಜಾಗದಲ್ಲಿದ್ದದ್ದು. ಅದನ್ನು ಇಳಿಸಿ ಪೆನ್ನು ಕೆಳಗಿಟ್ಟೆ.

ಮುಂದಿನ ವಾರ ಮಗಳು ಸುರಪುರದ ಬಾಡಿಗೆ ಮನೆ ಖಾಲಿ ಮಾಡಲು ಬಂದಿದ್ದಳು. ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನೆ ಎಂದೆ. ಕಲ್ಲಿನ ಕಟ್ಟೆಯ ಮೇಲೆ ಎರಡು ಚೀಲ, ಒಂದು ಪಾತ್ರೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಕಣ್ಣು, ಹಣೆ ತಾಯಿಯವೇ. ನೋಟುಬುಕ್ಕು ಕೊಟ್ಟು ಪಕ್ಕದಲ್ಲಿ ಕೂತೆ.

ತಾಟಿನ ಸಾಲಿಗೆ ಬಂದಾಗ ಗಂಟಿನ ಕಡೆ ಒಮ್ಮೆ ನೋಡಿದಳು. ಅದರಲ್ಲಿ ಆ ತಾಟು ಇತ್ತೋ ಏನೋ. ದನಿ ಉಂಡಂಗಿಲ್ಲ ಎನ್ನುವಲ್ಲಿ ಒಮ್ಮೆಲೇ ನಕ್ಕು, "ಹೌದ್ರಿ, ಆವತ್ತು ನಾ ಉಂಡಿದ್ದಿಲ್ರಿ. ಹ್ಯಾಂಗ್ ಗೊತ್ತಾತ್ರಿ ಆಕಿಗಿ?" ಎಂದಳು. ನಗುತ್ತಿದ್ದ ಬಾಯಿಯೇ ಅಳತೊಡಗಿತು. ನಾನು ಬಸ್ಸುಗಳ ಬೋರ್ಡು ಓದುತ್ತಾ ಕೂತೆ.

ಕೊನೆಗೆ ಹದಿನೇಳನೆಯ ಸಾಲು. ಅವಳು ಗಟ್ಟಿಯಾಗಿಯೇ ಓದಿದಳು.

"ಹೋಗ್ ಅಂದ ಬಾಯಿ ನಿನ್ ಬೆನ್ನ ಹಿಂದಾ ಬಸ್ ಸ್ಟ್ಯಾಂಡಿನ ತನಕ..."

ಅಲ್ಲಿ ಮೂರು ಚುಕ್ಕಿ.

"ಮುಂದ ಏನಿತ್ರಿ?"

ಸಾಲು ಉದ್ದವಾಗಿತ್ತು. ಮೊದಲ ಅರ್ಧ ಎತ್ತಿ ಬರೆದು ಚುಕ್ಕಿ ಇಟ್ಟು, 'ಬಾಯಿ ಎಲ್ಲಾದರೂ ನಡೆದು ಹೋಗುತ್ತದೆಯೇ? ತೆಗೆಯಿರಿ' ಎಂದಿದ್ದೆ. ಅದರ ಕೆಳಗೆ ಆಕೆಯ ಉತ್ತರವಿತ್ತು: 'ಹೌದ್ರಿ ಸರ್, ತೆಗದೀನ್ರಿ.'

ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಿನ ಅರ್ಧವನ್ನು ತುಂಬುವುದು ನನಗೇನು ದೊಡ್ಡದಲ್ಲ. ವಾರವಿಡೀ ಐದಾರು ಸಾಲು ತಾವಾಗಿಯೇ ಬಾಯಿಗೆ ಬಂದಿದ್ದವು, ಒಂದಂತೂ ಬಹಳ ಚೆನ್ನಾಗಿತ್ತು. ಇದೇ ಇತ್ತವ್ವ ಎಂದಿದ್ದರೆ ನಂಬುತ್ತಿದ್ದಳು, ಜೀವಮಾನವಿಡೀ ಅದನ್ನೇ ಇಟ್ಟುಕೊಳ್ಳುತ್ತಿದ್ದಳು. ಆದರೆ ಅದು ಮತ್ತೆ ನನ್ನ ಮಾತಾಗುತ್ತಿತ್ತು.

"ನೆನಪಿಲ್ಲವ್ವ" ಎಂದೆ. "ನಾನಾ ತೆಗಿಸೀನಿ. ಏನು ತೆಗಿಸೀನಿ ಅಂತ ನನಗಾ ನೆನಪಿಲ್ಲ. ತಪ್ಪಾಗೇದ."

ಅವಳು ಆ ಚುಕ್ಕಿಗಳ ಮೇಲೆ ಬೆರಳಿಟ್ಟು ಕೂತಳು. ಅವಳು ಹತ್ತಬೇಕಿದ್ದ ಯಾದಗಿರಿ ಬಸ್ ಬಂತು. ಕಂಡಕ್ಟರ್ ಯಾದಗಿರಿ, ಯಾದಗಿರಿ ಎಂದು ಕೂಗಿದ. ಅವಳು ಏಳಲಿಲ್ಲ, ನಾನೂ ಏಳು ಎನ್ನಲಿಲ್ಲ. ಬಸ್ ತುಂಬಿಕೊಂಡು ಹೋಯಿತು.

"ಆವತ್ತು ನಾ ಹಿಂದ ತಿರುಗಿ ನೋಡಲಿಲ್ರಿ" ಎಂದಳು. "ಸಿಟ್ಟಿಲೆ ಆ ಕಡಿ ಕಿಡಕಿಗಿ ಕುಂತಿದ್ದೆ."

ಆಮೇಲೆ ಬಸ್ ಸ್ಟ್ಯಾಂಡನ್ನು ಒಂದು ಕಡೆಯಿಂದ ನೋಡುತ್ತಾ ಬಂದಳು. ಚಹಾದ ಅಂಗಡಿ, ನೀರಿನ ನಲ್ಲಿ, ಬಣ್ಣ ಹೋದ ಕಂಬಗಳು. ಯಾರೋ ನಿಂತಿದ್ದ ಜಾಗವನ್ನು ಹುಡುಕುವ ಹಾಗೆ ಒಂದೊಂದನ್ನೂ ನೋಡಿದಳು. ನೋಟುಬುಕ್ಕು ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು.

"ಇರ್ಲಿ ಬಿಡ್ರಿ ಕಾಕಾ. ಇಲ್ಲಿತನಕ ಬಂದಿದ್ಳಲ್ಲ."